ಹೆಸರು ಕೊರೆಯಬಾರದ ಮಷೀನು

ವಾರ್ಡನ್ ಅಕ್ಕ ತೀರಿಕೊಂಡರೆಂಬ ಫೋನು ಬಂದಾಗ ನಾನು ಒಂದು ಕುಕ್ಕರಿನ ಮುಚ್ಚಳಕ್ಕೆ ಹೆಸರು ಕೊರೆಯುತ್ತಿದ್ದೆ. ಗಿರಾಕಿ ಎದುರಿಗೇ ನಿಂತಿದ್ದ, ಅಂಗಡಿಯ ಹೊರಗೆ ಅವನ ಟೆಂಪೊ ಕಾದಿತ್ತು. ಕೆಲಸ ಮುಗಿಸಿಯೇ ಎದ್ದೆ. ಅರ್ಧಕ್ಕೆ ಬಿಟ್ಟು ಎದ್ದಿದ್ದರೆ ಮೊದಲು ಬೈಯುವವರು ಅವರೇ: "ಸತ್ತಾಕಿ ಎಲ್ಲಿ ಹೋಗ್ತಾಳೋ? ಗಿರಾಕಿ ಹೋಗ್ತಾನ, ಅವನ್ನ ನೋಡು."

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬೇಕಾದವರು ಭಾಲ್ಕಿ, ಔರಾದ ಕಡೆಯ ಯಾವ ಹಳ್ಳಿಗಾದರೂ ಹೋಗಿ, ಓದಿ ನೌಕರಿಗೆ ಸೇರಿದ ಹೆಣ್ಣುಮಗಳ ಮನೆ ಯಾವುದೆಂದು ಕೇಳಿ, ಅಲ್ಲಿಯ ಕೊಡವನ್ನೋ ಹಿಟ್ಟು ನಾದುವ ಪರಾತವನ್ನೋ ಬೋರಲು ಹಾಕಿ ನೋಡಲಿ. ಸಿಕ್ಕೀತು. ಅದನ್ನು ಕೊರೆದ ಕೈ ನನ್ನದು. "ನನ್ನ ಹೆಸರ ಕಾಗದದಾಗ ಬ್ಯಾಡೋ, ಕಾಗದ ಇಲಿ ತಿಂತದ. ಸ್ಟೀಲ್ ತಿನ್ನೋ ಇಲಿ ಇನ್ನಾ ಹುಟ್ಟಿಲ್ಲ" ಎಂದು ಅವರೇ ಹೇಳುತ್ತಿದ್ದರು. ಸ್ಟೀಲನ್ನೂ ತಿನ್ನುವ ಇಲಿ ಹುಟ್ಟಿದೆ ಎಂಬುದು ಅವರಿಗೆ ಕೊನೆಗಾಲದಲ್ಲಿ ಗೊತ್ತಾಯಿತು. ಆ ಇಲಿ ಕೋಟು ಹಾಕಿಕೊಂಡು ವಾರಂಟಿ ಕಾರ್ಡು ಹಿಡಿದು ಬರುತ್ತದೆ.

ನಾನು ಅವರನ್ನು ಮೊದಲು ಕಂಡದ್ದು ಭಾಲ್ಕಿಯಲ್ಲಿ. ಆಗ ನನಗೆ ಬೀದರಿನ ಈ ಅಂಗಡಿ ಇರಲಿಲ್ಲ. ಸೈಕಲ್ಲಿನ ಹಿಂದೆ ಪಾತ್ರೆಗಳ ಬುಟ್ಟಿ ಕಟ್ಟಿಕೊಂಡು ಜನವಾಡದಿಂದ ಶುರುಮಾಡಿ ಊರೂರು ತಿರುಗುತ್ತಿದ್ದೆ. ಹೆಣ್ಣುಮಕ್ಕಳ ಹಾಸ್ಟೆಲಿನ ಗೇಟಿನಲ್ಲಿ ಕೂಗು ಹಾಕಿದಾಗ ಒಳಗಿನಿಂದ ಎತ್ತರದ, ಕಪ್ಪನೆಯ ಹೆಂಗಸೊಬ್ಬರು ಬಂದರು. ಕನ್ನಡಕದ ಒಂದು ಕಾಲು ಮುರಿದು ತಂತಿ ಸುತ್ತಿತ್ತು. ಬೆಲೆ ಕೇಳಲಿಲ್ಲ. ಒಂದು ಬಕೀಟು ಎತ್ತಿ, ಕಿವಿಯ ಹತ್ತಿರ ಹಿಡಿದು, ಬೆರಳಿನ ಗಿಣ್ಣಿನಿಂದ ಬಡಿದು ಆಲಿಸಿದರು. "ಇದು ಕೆಮ್ಮಲತದ. ಬ್ಯಾರೆದು ತೆಗಿ."

ಕೆಮ್ಮುತ್ತಿದ್ದುದು ನಿಜ. ಬುಡದ ಬೆಸುಗೆ ಸಡಿಲಿತ್ತು. ನನಗೆ ಗೊತ್ತಿತ್ತು, ಅವರಿಗೆ ಗೊತ್ತಾಗಬಾರದು ಎಂದುಕೊಂಡಿದ್ದೆ. ಆಮೇಲೆ ನನ್ನನ್ನು ಅಸಲಿನವರೆಗೆ ಇಳಿಸಿ, ಬೆವರು ಒರೆಸಿಕೊಂಡು ಹೊರಟವನನ್ನು ಕರೆದು, ಹಾಸ್ಟೆಲಿನ ಮಕ್ಕಳ ಸಾಲಿನಲ್ಲಿ ಕೂಡಿಸಿ ರೊಟ್ಟಿ ಬಡಿಸಿದರು. "ಚೌಕಾಶಿ ಚೌಕಾಶಿ ಜಾಗಾಕ್ಕ, ಹಸಿವಿ ಹಸಿವಿ ಜಾಗಾಕ್ಕ" ಎಂದರು. ನಾನು ಶರಣು ಅಂದೆ, ಅವರು ಜೈಭೀಮ್ ಅಂದರು. ಕೊನೆಯವರೆಗೂ ಅವರವರ ನಮಸ್ಕಾರ ಅವರವರದೇ ಆಗಿ ಉಳಿಯಿತು. ಯಾರೂ ಇನ್ನೊಬ್ಬರದನ್ನು ಬದಲಿಸಲು ಹೋಗಲಿಲ್ಲ.

ವ್ಯಾಪಾರಕ್ಕೆ ಹೊಸದಾಗಿ ಬರುವವರಿಗೆ ನಾನು ಹೇಳುವುದಿಷ್ಟು: ಬೆಲೆ ಕೇಳುವ ಗಿರಾಕಿಗೆ ಅಂಜಬೇಡಿ, ಬುಡ ನೋಡುವ ಗಿರಾಕಿಗೆ ಅಂಜಿ. ಕೊಳ್ಳುವವರಿಗೆ ಹೇಳುವುದೂ ಅದೇ. ಯಾವ ಸಾಮಾನೇ ಇರಲಿ, ಮುಖ ನೋಡಿ ಮರುಳಾಗುವ ಮೊದಲು ಬೋರಲು ಹಾಕಿ. ವಾರ್ಡನ್ ಅಕ್ಕ ಮಿಕ್ಸರ್ ಕೊಳ್ಳಲು ಹೋದರೆ ಚೀಲದಲ್ಲಿ ನೆನೆಸಿದ ಕಡಲೆ ಒಯ್ಯುತ್ತಿದ್ದರು, ಅಂಗಡಿಯಲ್ಲೇ ರುಬ್ಬಿಸಿ, ಬೆರಳಿನಿಂದ ತಿಕ್ಕಿ ನೋಡುತ್ತಿದ್ದರು. ಅದೇ ಚೀಲದಲ್ಲಿ ಒಂದು ಪೇಚಕಸ, ಅಂದರೆ ಸ್ಕ್ರೂ ಬಿಚ್ಚುವ ಕೋಲು, ಸದಾ ಇರುತ್ತಿತ್ತು. ಹಾಸ್ಟೆಲಿನ ರುಬ್ಬುವ ಯಂತ್ರವನ್ನು ಅದರಿಂದಲೇ ಬಿಚ್ಚಿ, ಬೆಲ್ಟು ಹರಿದರೆ ಹಿಟ್ಟಿನ ಗಿರಣಿಯವನಿಂದ ಒಂದನ್ನು ತಂದು ತೊಡಿಸಿ, ತಮ್ಮ ಇಡೀ ಸರ್ವಿಸು ಅದೊಂದರಲ್ಲೇ ದಾಟಿಸಿದರು. ಅವರು ನಿವೃತ್ತರಾಗಿ ಬೀದರಿನ ನೌಬಾದಿನಲ್ಲಿ ಎರಡು ಕೋಣೆಯ ಮನೆ ಕಟ್ಟಿಕೊಂಡ ಮೇಲೂ ಆ ಯಂತ್ರ ಭಾಲ್ಕಿಯಲ್ಲಿ ತಿರುಗುತ್ತಲೇ ಇತ್ತು.

ಮದುವೆ ಅವರು ಆಗಲಿಲ್ಲ. ಯಾಕೆಂದು ನಾನು ಕೇಳಲಿಲ್ಲ, ಕೇಳಿದ್ದರೆ ನನ್ನ ಅಂಗಡಿಯ ಹಂಡೆಯೊಂದು ನನ್ನ ತಲೆಯ ಮೇಲಿರುತ್ತಿತ್ತು. ಆದರೆ ಹಾಸ್ಟೆಲಿನಲ್ಲಿ ಬೆಳೆದ ಹುಡುಗಿಯರ ಮದುವೆಗೆ ಅವರೇ ತಾಯಿ, ಅವರೇ ಸೋದರಮಾವ. ನಮ್ಮ ಕಡೆ ಮದುವೆಯ ಉಡುಗೊರೆಗೆ ಆಯೇರಿ ಎನ್ನುತ್ತೇವೆ. ಪಾತ್ರೆ ಆಯೇರಿ ಮಾಡಿದರೆ ಅದರ ಮೇಲೆ ಕೊಟ್ಟವರ ಹೆಸರು, ತೆಗೆದುಕೊಂಡ ಮದುಮಗಳ ಹೆಸರು ಕೊರೆಸಲೇಬೇಕು. ಹೆಸರಿಲ್ಲದ ಪಾತ್ರೆ ತಂದವನನ್ನು ಊಟಕ್ಕೆ ಕರೆದಾರು, ಆದರೆ ಮಾತಿಗೆ ಕರೆಯುವುದಿಲ್ಲ. ಅಕ್ಕನ ಆಯೇರಿ ಅಂದರೆ ಕೊಡವೋ, ಕುಕ್ಕರೋ, ಕೂಲರೋ ಒಂದು ಇರಲೇಬೇಕು, ಅದರ ಮೇಲೆ ನನ್ನ ಕೊರೆಯುವ ಪೆನ್ನು ಗುರ್ ಎನ್ನಲೇಬೇಕು. ಕೊರೆಯುವಾಗ ಎದುರಿಗೆ ಬೋರಲು ಹಾಕಿದ ಹಂಡೆಯ ಮೇಲೆ ಕೂತು, ಸಾಸರಿನಲ್ಲಿ ಚಹಾ ಸುರಿದು ಕುಡಿಯುತ್ತ, ಒಂದು ಒತ್ತಕ್ಷರ ಸೊಟ್ಟಗಾದರೆ ಚಹಾ ಇಳಿಸಿ ಬೈಯುತ್ತಿದ್ದರು.

ಒಮ್ಮೆ ನಾನು ಚೇಷ್ಟೆ ಮಾಡಿದೆ: "ಅಕ್ಕಾ, ಬಲಗೈಲೆ ಕೊಟ್ಟದ್ದು ಎಡಗೈಗಿ ತಿಳೀಬಾರದು ಅಂತಾರ್ರಿ. ನೀವು ನೋಡಿದ್ರ ಊರಿಗೆಲ್ಲಾ ಡಂಗುರ ಹೊಡಿಲತ್ತೀರಿ."

"ಎಡಗೈಗಿ ತಿಳೀಲಿಲ್ಲಂದ್ರ ನಡೀತದೋ," ಅಂದರು. "ಆಕಿ ಅತ್ತಿಗಿ ತಿಳೀಬೇಕು."

ಈ ಮಾತಿನ ಅರ್ಥ ನನಗೆ ಗೊತ್ತಾದದ್ದು ಭಾಲ್ಕಿ ಹತ್ತಿರದ ಒಂದು ಹಳ್ಳಿಯಲ್ಲಿ. ಅವರ ಹಾಸ್ಟೆಲಿನ ಹುಡುಗಿಯೊಬ್ಬಳನ್ನು ಗಂಡನ ಮನೆಯವರು ಹೊರಗೆ ಹಾಕಿದ್ದರು. ಅಕ್ಕ ಟೆಂಪೊ ಮಾಡಿಸಿಕೊಂಡು, ನನ್ನನ್ನೂ ಎಳೆದುಕೊಂಡು ಹೋದರು. ಅತ್ತೆ ಬಾಗಿಲಲ್ಲಿ ನಿಂತು "ನಿಮ್ಮ ಹುಡುಗಿದು ಇಲ್ಲೇನೂ ಇಲ್ಲ, ಎಲ್ಲಾ ನಮ್ಮದು" ಅಂದಳು. ಅಕ್ಕ ಜಗಳವಾಡಲಿಲ್ಲ. ಅಡುಗೆಮನೆಗೆ ಹೋಗಿ ಒಂದೊಂದೇ ಪಾತ್ರೆ ತಿರುಗಿಸಿ, ಹೆಸರು ಗಟ್ಟಿಯಾಗಿ ಓದಿ, ಟೆಂಪೊಗೆ ಕಳಿಸಿದರು. ಅನ್ನ ಬೇಯುತ್ತಿದ್ದ ಪಾತ್ರೆಯನ್ನೂ ಬಿಡಲಿಲ್ಲ. ಅನ್ನ ಅವರ ತಟ್ಟೆಗೆ ಸುರಿದು ಪಾತ್ರೆ ತಂದರು. ಓಣಿಯ ಜನರೆಲ್ಲ ನೋಡುತ್ತಿದ್ದರು, ಒಬ್ಬರೂ ತಡೆಯಲಿಲ್ಲ. ಕೊರೆದ ಹೆಸರನ್ನು ಯಾರು ಅಲ್ಲಗಳೆಯಬೇಕು? ಹೆಣ್ಣುಮಗಳೊಬ್ಬಳ ಆಸ್ತಿಗೆ ನಮ್ಮ ಕಡೆ ಇದ್ದ ಪಹಣಿ ಅಂದರೆ ಆ ಕೊರೆದ ಅಕ್ಷರವೇ.

ಅಕ್ಕನಲ್ಲಿ ಕೊರತೆ ಇರಲಿಲ್ಲ ಎನ್ನುವವನು ನಾನಲ್ಲ. ಬಾಯಿ ಕೆಟ್ಟದ್ದು. ಶೋರೂಮಿನಲ್ಲಿ ಕೂಲಿಗೆ ನಿಂತ ಪಾಪದ ಹುಡುಗಿಯರಿಗೂ ಮಾಲೀಕನಿಗೆ ಬೈದಂತೆಯೇ ಬೈಯುತ್ತಿದ್ದರು. ನನ್ನ ಅಂಗಡಿಯ ಚಹಾ ಅಷ್ಟು ವರ್ಷ ಕುಡಿದು ಒಮ್ಮೆಯೂ "ಚೊಲೊ ಆಗ್ಯಾದ" ಅನ್ನಲಿಲ್ಲ. ಹೆಸರಿನ ಮೇಲೆ ಅವರಿಗೆ ಸೊಕ್ಕು ಇತ್ತು, ಇದ್ದೇ ಇತ್ತು. ಆ ಸೊಕ್ಕಿನ ಮೇಲೇ ಒಂದು ಮಷೀನಿನ ಕಂಪನಿಯವರು ಕಾಲಿಟ್ಟರು. ಅದನ್ನು ಹೇಳಲೆಂದೇ ನಾನು ಇದನ್ನು ಬರೆಯಲು ಕೂತಿದ್ದೇನೆ.

ಹಾಸ್ಟೆಲಿನಲ್ಲಿ ಸುಜಾತಾ ಎಂಬ ಹುಡುಗಿ ಬೆಳೆದಿದ್ದಳು. ನರ್ಸಿಂಗ್ ಓದಿ ಔರಾದಿನ ಒಂದು ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದ್ದಳು. ಅವಳಿಗೆ ಠಾಣಾ ಕುಶನೂರಿನ ಸಂಬಂಧ ಬಂತು. ತೊಗರಿ, ಸೋಯಾ ಬೆಳೆಯುವ ಮನೆ, ಹುಡುಗ ಒಳ್ಳೆಯವ. ಮಾತಿಗೆ ಕೂಡಲು ಅಕ್ಕ ನನ್ನನ್ನೂ ಕರೆದೊಯ್ದರು. ಚೌಕಾಶಿಯ ಜಾಗದಲ್ಲಿ ನಾನು ಅವರ ಎಡಗೈ. ಕೊಡುವುದು ಬಿಡುವುದು ಎಲ್ಲ ಮುಗಿದ ಮೇಲೆ ಹುಡುಗನ ತಂದೆ ಗಂಟಲು ಸರಿಮಾಡಿಕೊಂಡರು.

"ನೌಕರಿ ಮಾಡ್ಲಿರಿ, ಬ್ಯಾಡ ಅನ್ನಂಗಿಲ್ಲ. ಖರೆ ನಮ್ಮ ಮನ್ಯಾಗ ನನ್ನ ಹೆಂಡತಿಗಿ ಲಕ್ವಾ ಹೊಡದು ಹಾಸಿಗಿ ಹಿಡದಾಳ. ದಿನಾ ಹಾಸಿಗಿ ಒಗೀಬೇಕು. ಸೊಸಿ ಮುಂಜಾನಿ ಬಸ್ಸಿಗಿ ಹೋದ್ರ ಅದನ್ನ ಯಾರ್ ಮಾಡೋರು?"

ಅಕ್ಕ ಮದುಮಗನ ಕಡೆ ತಿರುಗಿದರು. "ನಿನಗ ಕೈ ಇಲ್ಲೇನಪಾ?"

ಹುಡುಗ ನಕ್ಕ. ನಕ್ಕದ್ದೇ ಉತ್ತರ. ಅಕ್ಕ ಕನ್ನಡಕ ಏರಿಸಿಕೊಂಡು ಹುಡುಗನ ತಂದೆಗೆ ಹೇಳಿದರು: "ಒಗಿಯೋ ಮಷೀನ್ ನಾ ಕೊಡ್ತೇನಿ. ಹಾಕಿ ಬಟನ್ ಒತ್ತಿ ಬಸ್ಸಿಗಿ ಹೋಗ್ತಾಳ. ಆದ್ರ ಹುಡುಗಿ ನೌಕರಿ ಬಿಡಸಂಗಿಲ್ಲ. ಮಾತಾ?"

"ಮಾತ್ರಿ," ಎಂದರು ಅವರು. ಅಂದರೆ ಸುಜಾತಾಳ ನೌಕರಿ ನಿಂತದ್ದು ಆ ಒಂದು ಮಷೀನಿನ ಮೇಲೆ. ಇದನ್ನು ನೆನಪಿಟ್ಟುಕೊಂಡು ಮುಂದೆ ಓದಿ.

ಬೀದರಿನ ಶೋರೂಮಿನಲ್ಲಿ ಅಕ್ಕ ಮನೆಯಿಂದ ತಂದ ದಪ್ಪನೆಯ ಕೌದಿಯನ್ನು ಅವರ ಪ್ರದರ್ಶನದ ಮಷೀನಿಗೆ ಹಾಕಿ ಒಗೆಸಿ ನೋಡಿದರು. ಒಗೆಯಿತು, ಚೆನ್ನಾಗಿಯೇ ಒಗೆಯಿತು. ಆಮೇಲೆ ಕೊಳ್ಳುವ ಮಷೀನನ್ನು ಗೋಡೆಯಿಂದ ಎಳೆಸಿ ಬೆನ್ನು ನೋಡಿದರು, ಪೇಚಕಸ ತೆಗೆದು ಸ್ಕ್ರೂಗೆ ಇಟ್ಟರು. ಕೂಡಲಿಲ್ಲ. ಅದು ನಕ್ಷತ್ರದ ಆಕಾರದ ತಲೆಯ ಸ್ಕ್ರೂ.

"ಸಾವಕಾರ್ರ, ಇದು ಯಾಕ ನನ್ನ ಪೇಚಕಸಿಗಿ ಕೂಡವಲ್ದು?"

"ಬಿಚ್ಚೋದು ನಿಮ್ಮ ಕೆಲಸಲ್ಲ ಬಿಡ್ರಿ ಅಕ್ಕಾರ. ಕಂಪನಿಯವರು ಬರ್ತಾರ," ಎಂದ ಶೋರೂಮಿನ ಮಾಲೀಕ.

"ಮನಿ ನಂದು, ಬಾಗಿಲ ಕೀಲಿ ಅವರ ಕೈಯಾಗ?"

ಅವನು ನಕ್ಕು ಚಹಾ ತರಿಸಿದ. ನಾನು ಸ್ಟ್ಯಾಂಡು, ಹೊದಿಕೆ ಎರಡನ್ನೂ ಪುಕ್ಕಟೆ ಮಾಡಿಸಿಕೊಂಡು ಗೆದ್ದೆನೆಂದು ಬೀಗಿದೆ. ಅಂಗಡಿಯವನು ಚಹಾ ತರಿಸಿದಾಗ ನೀವು ಕೇಳಿದ ಪ್ರಶ್ನೆಗೆ ಉತ್ತರ ಬಂದಿಲ್ಲ ಎಂದು ತಿಳಿಯಿರಿ. ಇದು ನನ್ನದೇ ಧಂದೆಯ ಗುಟ್ಟು, ಧರ್ಮಾರ್ಥ ಹೇಳುತ್ತಿದ್ದೇನೆ.

ಟೆಂಪೊ ನೇರವಾಗಿ ನನ್ನ ಅಂಗಡಿಗೆ ಬಂತು. ಮಷೀನಿನ ಬಿಳಿ ಮೈಯ ಪಕ್ಕಕ್ಕೆ, ಎಲ್ಲ ಆಯೇರಿಗೂ ಕೊರೆಯುವಂತೆ, ಅಕ್ಕನ ಹೆಸರು, ಸುಜಾತಾಳ ಹೆಸರು ಕೊರೆದೆ. ಬಣ್ಣ ಸರಿದು ಕೆಳಗಿನ ತಗಡು ಫಳಫಳ ಹೊಳೆಯಿತು. ಅಕ್ಕ ಹಂಡೆಯಿಂದ ಎದ್ದು ಬಂದು ಅಕ್ಷರದ ಮೇಲೆ ಬೆರಳಾಡಿಸಿ, "ಹ್ಞಾಂ, ಈಗ ಆಕಿದಾತು" ಎಂದರು. ಕೊರೆದದ್ದು ತಪ್ಪು ಎಂದು ನಾನು ಅಂದೂ ಒಪ್ಪಲಿಲ್ಲ, ಇಂದೂ ಒಪ್ಪುವುದಿಲ್ಲ. ನಾಳೆ ಕೋರ್ಟಿನಲ್ಲಿ ನಿಲ್ಲಿಸಿ ಕೇಳಿದರೂ ಒಪ್ಪುವುದಿಲ್ಲ.

ವಾರಂಟಿಯ ಅವಧಿ ಇನ್ನೂ ಧಾರಾಳವಾಗಿ ಇರುವಾಗಲೇ ಒಂದು ಮುಂಜಾನೆ ಆ ಮಷೀನು ಒಗೆಯುತ್ತ ಒಗೆಯುತ್ತ ನಿಂತುಬಿಟ್ಟಿತು. ಒಳಗೆ ನೀರು, ನೀರಿನಲ್ಲಿ ಮುದುಕಿಯ ಹಾಸಿಗೆಯ ಬಟ್ಟೆ, ಬಾಗಿಲು ಲಾಕು. ಎಳೆದರೆ ಬರದು. ಕೆಂಪು ದೀಪವೊಂದು ಕಣ್ಣು ಹೊಡೆಯುತ್ತಿತ್ತು. ಸುಜಾತಾಳ ಮಾವ ಅಕ್ಕನಿಗೆ ಫೋನು ಮಾಡಿದರು: "ನಿಮ್ಮ ಆಯೇರಿ ನಮ್ಮ ಹಾಸಿಗಿ ನುಂಗಿ ಕುಂತದ್ರಿ. ಉಗುಳಲ್ದು."

ಕಂಪನಿಯ ಮನುಷ್ಯ ಬರುವ ಹೊತ್ತಿಗೆ ನೀರು ನಾರಿ ಮನೆಯೆಲ್ಲ ಹಬ್ಬಿತ್ತು. ಬಂದವನು ಬಾಗಿಲು ಬಿಡಿಸುವ ಮೊದಲು ಮಷೀನಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದ. ಹೆಸರು ಕಂಡಿತು. ಮೊಬೈಲಿನಲ್ಲಿ ಅದರ ಫೋಟೊ ಹೊಡೆದ.

"ಬಾಡಿ ಮ್ಯಾಲ ಕೊರದೀರಿ. ವಾರಂಟಿ ಹೋತು," ಎಂದ.

ಅಕ್ಕ, ನಾನು ಇಬ್ಬರೂ ಅಲ್ಲೇ ಇದ್ದೆವು. ಅಕ್ಕ ಮೆಲ್ಲಗೆ ಕೇಳಿದರು. ಅವರು ಮೆಲ್ಲಗೆ ಮಾತಾಡಿದರೆ ನನಗೆ ಭಯ. "ತಮ್ಮಾ, ಕೆಟ್ಟದ್ದು ಏನು?"

"ಒಳಗಿನ ಬೋರ್ಡು."

"ಹೆಸರ ಎಲ್ಲದ?"

"ಹೊರಗ."

"ಹೊರಗ ಹೆಸರ ಬರದ್ರ ಒಳಗ ಬೋರ್ಡ್ ಹ್ಯಾಂಗ ಸುಡ್ತದ? ನಿನ್ನ ಕೈ ಮ್ಯಾಲ ಹಚ್ಚಿ ಅದ. ಅದಕ್ಕ ನಿನ್ನ ಹೊಟ್ಟಿ ಕೆಟ್ಟದೇನು?"

"ರೂಲ್ ಅದರಿ ಅಮ್ಮಾ. ನಾ ಏನ್ ಮಾಡ್ಲಿ?" ಬಾಗಿಲು ಬಿಡಿಸಿಕೊಟ್ಟು ಅವನು ಹೊರಟುಹೋದ. ಹೊಸ ಬೋರ್ಡಿನ ಬೆಲೆ ಹೇಳಿ ಹೋದ. ಅದನ್ನು ಕೇಳಿದ ಮೇಲೆ ಮಷೀನೇ ಅಗ್ಗ ಅನಿಸಿತು.

ಬೀದರಿನಿಂದ ನನ್ನ ಪರಿಚಯದ ಮೆಕಾನಿಕ್ಕನನ್ನು ಕರೆಸಿದೆ. ಅವನು ನಕ್ಷತ್ರದ ಪೇಚಕಸ ತಂದೇ ಬಿಚ್ಚಿದ. ಒಳಗಿನ ಬೋರ್ಡನ್ನು ಗಾಜಿನಂಥ ಗಟ್ಟಿ ಅಂಟಿನಲ್ಲಿ ಮುಳುಗಿಸಿಟ್ಟಿದ್ದರು. ಒಂದು ಎಳೆ ಸುಟ್ಟಿದ್ದರೂ ಬೆಸೆಯಲು ದಾರಿಯಿಲ್ಲ. "ಬ್ಯಾರೆ ಬೋರ್ಡ್ ತಂದು ಹಾಕಿದ್ರೂ ಕಂಪನಿಯವರು ಅವರ ಕೋಡ್ ಹೊಡೀದ ಹೊರತು ಇದು ಏಳಂಗಿಲ್ಲ ಅಣ್ಣಾ" ಎಂದು ಅವನು ಕೈ ಝಾಡಿಸಿದ.

ನಾನೂ ವ್ಯಾಪಾರಸ್ಥ. ಲಾಭ ಮಾಡಬಾರದು ಎನ್ನುವ ಸನ್ಯಾಸಿಯಲ್ಲ. ಆದರೆ ಮಾರಿದ ಮೇಲೆ ಮಾಲು ಕೊಂಡವನದು, ಇಷ್ಟು ನೀತಿ ಸಂತೆಯಲ್ಲಿ ಬೆಂಡೆಕಾಯಿ ಮಾರುವವಳಿಗೂ ಗೊತ್ತು. ಒಬ್ಬ ಎಮ್ಮೆ ಮಾರಿ, ಹಾಲು ಹಿಂಡಲು ಪ್ರತಿ ಸಲ ನನ್ನನ್ನೇ ಕರೆಯಬೇಕು, ಬೇರೆಯವರು ಕೆಚ್ಚಲು ಮುಟ್ಟಿದರೆ ಹಾಲು ಬತ್ತಲಿ ಎಂದು ಕಟ್ಟು ಹಾಕಿ ಕಳಿಸಿದರೆ ಅವನನ್ನು ಏನೆನ್ನುತ್ತೀರಿ? ಈಗ ಬರುವ ಇಸ್ತ್ರಿಯ ವೈರು ಮೈಗೇ ಅಚ್ಚು ಹಾಕಿ ಬರುತ್ತದೆ; ವೈರು ಹರಿದರೆ ಇಸ್ತ್ರಿಯನ್ನೇ ಬಿಸಾಡಬೇಕು. ನನ್ನ ಮನೆಯ ಮಿಕ್ಸರಿನ ಜಾರು ಒಡೆದಾಗ ಅದೇ ಕಂಪನಿಯ ಹೊಸ ಜಾರು ತಂದೆ, ಕೂಡಲಿಲ್ಲ. "ಮಾಡೆಲ್ ಬದಲಾಯಿತು" ಅಂದರು. ಮೋಟಾರು ಗಟ್ಟಿಮುಟ್ಟಾಗಿದೆ, ಜಾರಿಲ್ಲದೆ ಮೂಲೆಯಲ್ಲಿ ಕೂತಿದೆ, ಹಲ್ಲಿಲ್ಲದ ಪೈಲವಾನನ ಹಾಗೆ. ನಾನು ಸೈಕಲ್ಲಿನ ಮೇಲೆ ಮಾರಿದ ಕೊಡಗಳಲ್ಲಿ ಜನ ಇವತ್ತಿಗೂ ನೀರು ತುಂಬುತ್ತಾರೆ. ಆ ಕೊಡ ಕೆಡಲಿಲ್ಲವೆಂದು ನಾನೇನು ಹಸಿದು ಸತ್ತೆನೆ? ಅಂಗಡಿ ಕಟ್ಟಿದೆ, ಮನೆ ಕಟ್ಟಿದೆ. ಬಾಳಿಕೆ ಬರುವುದನ್ನು ಮಾರಿಯೂ ಬದುಕಬಹುದು ಎಂಬುದಕ್ಕೆ ನಾನೇ ಸಾಕ್ಷಿ. ಹಾಗಾಗಿ, ಕೊಳ್ಳುವ ಮೊದಲು ಸಾಮಾನಿನ ಬೆಲೆ ಕೇಳಬೇಡಿ. ಅದರ ಬಿಡಿಭಾಗ ಎಲ್ಲಿ ಸಿಗುತ್ತದೆ, ಯಾರು ಹಾಕಬಹುದು ಎಂದು ಕೇಳಿ. ಅಂಗಡಿಯವನು ತಡವರಿಸಿದರೆ ಚಪ್ಪಲಿ ಮೆಟ್ಟಿಕೊಳ್ಳಿ.

ಇತ್ತ ಸುಜಾತಾ ಬೆಳಕು ಹರಿಯುವ ಮೊದಲೇ ಎದ್ದು ಬೋರಿನ ಹತ್ತಿರ ಕೂತು ಹಾಸಿಗೆ ಒಗೆದು, ಒದ್ದೆ ಕೈಯಲ್ಲೇ ಬಸ್ಸಿಗೆ ಓಡುತ್ತಿದ್ದಳು. ಬಸ್ಸು ತಪ್ಪುತ್ತಿತ್ತು. ಆಸ್ಪತ್ರೆಯಲ್ಲಿ ಹೀಗೇ ತಡವಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದರು. ಮನೆಯಲ್ಲಿ ಮಾವ ಇನ್ನೂ ಸುಲಭದ ದಾರಿ ತೋರಿಸಿದರು. ಅಕ್ಕನಿಗೆ ಫೋನು ಮಾಡಿ, "ನಾ ಮಾತ ಮುರದಿಲ್ರಿ. ಮಷೀನ್ ಇರೋತನಾ ನೌಕರಿ ಅಂದಿದ್ವು. ಮಷೀನ್ ಹೋತು. ಮುಂದಿನ ತಿಂಗಳಿಂದ ಮನ್ಯಾಗ ಇರ್ಲಿ" ಎಂದರು.

ಅಕ್ಕ ಫೋನು ಇಟ್ಟು ಬಹಳ ಹೊತ್ತು ಮಾತಾಡಲಿಲ್ಲ ಎಂದು ಬರೆದರೆ ಚೆನ್ನಾಗಿ ಕಾಣುತ್ತದೆ, ಆದರೆ ಸುಳ್ಳು. ಕೂಡಲೇ ಬೈದರು. ಮಾವನಿಗೆ, ಕಂಪನಿಗೆ, ಶೋರೂಮಿನವನಿಗೆ, ಪುಕ್ಕಟೆ ಹೊದಿಕೆಗೆ ಹಲ್ಲು ಕಿಸಿದ ನನಗೆ. ಬೈದು ಮುಗಿಸಿ ಚೀಲ ಎತ್ತಿಕೊಂಡು ಬಸ್ ಸ್ಟ್ಯಾಂಡಿಗೆ ನಡೆದರು.

ಮರುದಿನ ಅವರು ಠಾಣಾ ಕುಶನೂರಿನಿಂದ ಬೀದರಿಗೆ ಬರುವ ಬಸ್ಸಿನಲ್ಲಿ ಮುದುಕಿಯ ಹಾಸಿಗೆಯ ಗಂಟು ತೊಡೆಯ ಮೇಲಿಟ್ಟುಕೊಂಡು ಬಂದರು. ಅವರೇ ಹೇಳಿದ ಮಾತು ಇದು. ಕಂಡಕ್ಟರು ಮೂಗು ಮುಚ್ಚಿಕೊಂಡು, "ಏನ್ ವಾಸನಿರಿ ಅಕ್ಕಾ ಇದು?" ಎಂದನಂತೆ.

"ವಾರಂಟಿ ವಾಸನಿ," ಎಂದರಂತೆ ಅಕ್ಕ. "ಟಿಕೇಟ್ ಕೊಡು."

ಶೋರೂಮಿನ ಮಾಲೀಕ ನನಗೆ ಫೋನು ಮಾಡಿ, "ಅಣ್ಣಾರ, ದೌಡ್ ಬರ್ರಿ, ನಿಮ್ಮ ಅಕ್ಕಾರ ಬಂದಾರ" ಎಂದ. ಹೋದೆ. ಮದುವೆಯ ಸೀಜನ್ನು, ಅಂಗಡಿಯ ತುಂಬ ಗಿರಾಕಿ. ನಡುವೆ ಅಕ್ಕ ಪ್ರದರ್ಶನದ ಮಷೀನಿಗೆ ಹಾಸಿಗೆ ತುರುಕಿ, ಪುಡಿ ಸುರಿದು, ಬಟನ್ನು ಒತ್ತಿ, ಅದರ ಮುಂದೆ ಕುರ್ಚಿ ಎಳೆದುಕೊಂಡು ಕೂತಿದ್ದರು. ಗಾಜಿನ ಬಾಗಿಲ ಒಳಗೆ ಲಕ್ವಾ ಹೊಡೆದ ಮುದುಕಿಯ ಬಟ್ಟೆ ಗಿರಗಿರ ತಿರುಗುತ್ತಿತ್ತು. ಮದುಮಗಳೊಬ್ಬಳು ಸೆರಗಿನಿಂದ ಮೂಗು ಮುಚ್ಚಿಕೊಂಡು ನೋಡುತ್ತಿದ್ದಳು.

"ಅಕ್ಕಾರ, ಗಿರಾಕಿ ಓಡಿ ಹೋಗ್ತಾವ್ರಿ," ಮಾಲೀಕ ಕೈ ಮುಗಿದ.

"ಓಡಿ ಹೋಗ್ಲಿ. ನಿಂತ್ರ ನಾಳಿ ಅವರೂ ನನ್ನಂಗ ಗಂಟ ಹೊತ್ಕೊಂಡು ಬರೋದೇ ಅದ. ನನ್ನ ಮಷೀನ್ ಏಳೋತನಾ ನನ್ನ ಹುಡುಗಿ ಒಗ್ಯಾಣ ಇಲ್ಲೇ. ಸಾಬೂನ್ ಪುಡಿ ನಂದು, ನೀರು ನಿಂದು."

"ಅಣ್ಣಾರ, ನೀವರೆ ಹೇಳ್ರಿ. ನೀವೂ ವ್ಯಾಪಾರಸ್ಥರು."

"ಅದಕ್ಕೇ ಹೇಳ್ಲತ್ತೇನಿ," ಎಂದೆ ನಾನು. "ಫೋನ್ ಹಚ್ಚಿ ಕಂಪನಿಯವರ ಜೋಡಿ ನೀವು ಮಾತಾಡ್ರಿ. ನಾಳಿಗಿ ಹಾಸಿಗಿ ಜೋಡಿ ಮುದಕಿನೂ ಬರ್ತಾಳಂತ."

ಇದು ನಾನು ಹುಟ್ಟಿಸಿದ ಮಾತು. ಕೆಲಸ ಮಾಡಿತು, ಅವನು ಕಂಪನಿಗೆ ಫೋನು ಹಚ್ಚಿದ. ಅದಾದ ಮೇಲೂ ಅಕ್ಕ ಗಂಟು ಹೊತ್ತು ಬರುವುದು ನಿಲ್ಲಲಿಲ್ಲ. ಕಂಡಕ್ಟರು ಅವರಿಗೆಂದೇ ಹಿಂದಿನ ಸೀಟು ಹಿಡಿದಿಡತೊಡಗಿದ. ಕೊನೆಗೊಂದು ದಿನ ಶೋರೂಮಿನವನು ಬೆವರುತ್ತ ಸುದ್ದಿ ಹೇಳಿದ: ಕಂಪನಿಯವರು ಹೊಸ ಮಷೀನು ಕೊಡುತ್ತಾರೆ, ತಮ್ಮ ತಪ್ಪೆಂದಲ್ಲ, ಉಪಕಾರವೆಂದು. ಹಳೆಯದನ್ನು ಒಯ್ಯುತ್ತಾರೆ. ಒಂದೇ ಷರತ್ತು, ಹೊಸದರ ಮೇಲೆ ಏನೂ ಕೊರೆಯಬಾರದು. ಕೊರೆದರೆ ಮತ್ತೆ ಅದೇ ಕತೆ.

ಗೆದ್ದೆವು ಎಂದು ನಾನು ಅಂದುಕೊಂಡೆ. ಅಕ್ಕನ ಮುಖ ನೋಡಿದರೆ ಸೋತವರ ಹಾಗಿತ್ತು.

"ಹೆಸರಿಲ್ಲದ ಆಯೇರಿ ಅಂದ್ರ ಕದ್ದ ಮಾಲು," ಎಂದರು. "ನಾಳಿ ಆ ಮನ್ಯಾಗ ಹೆಚ್ಚುಕಮ್ಮಿ ಆದ್ರ ಹುಡುಗಿ ಏನ್ ತೋರ್ಸಬೇಕು? ಯಾರ ಸಾಮಾನೋ ಇದು? ಆಕಿದಾ, ಅವರದಾ?"

"ಅಕ್ಕಾ, ಬ್ಯಾಡ ಅಂದ್ರ ಮುಂದಿನ ತಿಂಗಳ ನೌಕರಿ ಇಲ್ರಿ," ಎಂದೆ.

ಅವರು ನನ್ನನ್ನು ನೋಡಿದರು. ಅಷ್ಟು ವರ್ಷದಲ್ಲಿ ನಾನು ಅವರ ಜೊತೆ ಚೌಕಾಶಿ ಮಾಡಿ ಗೆದ್ದದ್ದು ಅದೊಂದೇ ಸಲ, ಆ ಗೆಲುವು ನನಗೆ ಬೇಡವಾಗಿತ್ತು. "ತರ್ಸು," ಎಂದರು.

ಹಳೆಯ ಮಷೀನನ್ನು ಒಯ್ಯಲು ಕಂಪನಿಯ ಗಾಡಿ ಠಾಣಾ ಕುಶನೂರಿಗೆ ಬಂದ ದಿನ ಅಕ್ಕ ಹೆಸರಿದ್ದ ಪಕ್ಕದ ತಗಡನ್ನಾದರೂ ಬಿಚ್ಚಿಕೊಡಿ ಎಂದು ಕೇಳಿದರು. "ಆಗಂಗಿಲ್ರಿ, ಕಂಪನಿ ಮಾಲು" ಎಂದರು ಗಾಡಿಯವರು. ಅಕ್ಕ ಚೀಲದಿಂದ ತಮ್ಮ ಪೇಚಕಸ ತೆಗೆದು ಸ್ಕ್ರೂವಿಗೆ ಇಟ್ಟು ತಿರುವಿದರು. ಕೂಡುವುದಿಲ್ಲ ಎಂದು ಅವರಿಗೆ ಮೊದಲೇ ಗೊತ್ತಿತ್ತು. ಆದರೂ ತಿರುವಿದರು. ಜಾರಿತು. ಮತ್ತೆ ಇಟ್ಟರು, ಜಾರಿತು. ಗಾಡಿಯವರು ಮಷೀನು ಎತ್ತಿ ಹಾಕಿಕೊಂಡು ಹೋದರು. ಅಕ್ಕನ ಹೆಸರು ಈಗ ಯಾವ ಗುಜರಿಯಲ್ಲಿ ಯಾವ ತಗಡಿನ ಜೊತೆ ಕರಗಿದೆಯೋ. ನನ್ನ ಕೈಯ ಅಕ್ಷರ ಅದು.

ಹೊಸ ಮಷೀನು ನಡೆಯಿತು. ಸುಜಾತಾ ನೌಕರಿಗೆ ಹೋದಳು. ಅಕ್ಕ ಆಮೇಲೆ ಯಾರಿಗೂ ಕರೆಂಟಿನ ಸಾಮಾನು ಆಯೇರಿ ಮಾಡಲಿಲ್ಲ. ಕೊಡ, ಪರಾತ, ಹಂಡೆ, ಅಷ್ಟೇ. ಅಂಗಡಿಗೆ ಬಂದರೆ ಒಮ್ಮೆಯಾದರೂ ಕೇಳುತ್ತಿದ್ದರು: "ಕುಶನೂರದು ಇನ್ನಾ ಬೋಳೇ ಅದ ಏನೋ?" ಬೋಳು ಎಂದರೆ ಹೆಸರಿಲ್ಲದ್ದು. ನಾನು ಹೂಂ ಎನ್ನುತ್ತಿದ್ದೆ. ಅವರು ಸಾಸರು ಇಟ್ಟು ಎದ್ದು ಹೋಗುತ್ತಿದ್ದರು.

ನೌಬಾದಿನಲ್ಲಿ ಅವರ ಪುಣ್ಯಾನುಮೋದನೆಗೆ, ಅಂದರೆ ಬೌದ್ಧ ರೀತಿಯ ತಿಥಿಗೆ, ಹಾಸ್ಟೆಲಿನ ಹೆಣ್ಣುಮಕ್ಕಳು ಎಲ್ಲೆಲ್ಲಿಂದಲೋ ಬಂದಿದ್ದರು. ಬಂದವರಿಗೆಲ್ಲ ಊಟ ಬಡಿಸಿದ ಪಾತ್ರೆಗಳು ಅವರವರ ಮನೆಯಿಂದಲೇ ಬಂದಿದ್ದವು, ಎಲ್ಲದರ ಮೇಲೂ ಅಕ್ಕನ ಹೆಸರಿತ್ತು. ಸುಜಾತಾ ಮೂಲೆಯಲ್ಲಿ ಕೂತಿದ್ದಳು. ಅವಳು ಬರಿಗೈಯಲ್ಲಿ ಬಂದಿದ್ದಳು.

ಅದಾಗಿ ಸ್ವಲ್ಪ ಕಾಲದ ಮೇಲೆ ಅವಳೇ ಫೋನು ಮಾಡಿದಳು. "ಅಣ್ಣಾರ, ಪೆನ್ ತಗೊಂಡು ಒಮ್ಮಿ ನಮ್ಮ ಊರಿಗಿ ಬರ್ತೀರೇನ್ರಿ?"

"ಯಾಕವ್ವಾ?"

"ನಿನ್ನೀಗಿ ವಾರಂಟಿ ಮುಗೀತ್ರಿ. ಇವತ್ತಿಂದ ಮಷೀನ್ ನಂದಾತು. ಅಕ್ಕನ ಹೆಸರ ಹಾಕ್ರಿ."

ಮೊದಲ ಬಸ್ಸಿಗೆ ಹೋದೆ. ಸುಜಾತಾ ಡ್ಯೂಟಿಯ ಬಟ್ಟೆ ಹಾಕಿಕೊಂಡು ಚೀಲ ಹೆಗಲಿಗೇರಿಸಿ ನಿಂತಿದ್ದಳು. ಮಷೀನು ಹಾಸಿಗೆ ತಿರುಗಿಸುತ್ತಿತ್ತು. "ಜರಾ ಬಂದ್ ಮಾಡವ್ವಾ, ಅಕ್ಷರ ಅಲುಗ್ತಾವ" ಎಂದೆ.

"ಬಂದ್ ಮಾಡಿದ್ರ ನನ್ನ ಬಸ್ ತಪ್ತದ್ರಿ. ಹಂಗೇ ಕೊರೀರಿ."

ಪೆನ್ನಿನ ವೈರು ಹಿಡಿದು ನಿಂತಿದ್ದ ಅವಳ ಮಾವ ಗಂಟಲು ಸರಿಮಾಡಿಕೊಂಡರು. "ಅಲ್ಲ, ವಾರಂಟಿನೂ ಮುಗೀತು, ಮ್ಯಾಲ ಹೆಸರೂ ಹಾಕ್ಲತ್ತೀರಿ. ಇನ್ನ ಇದು ಕೆಟ್ರ ಹ್ಯಾಂಗ?"

ಸುಜಾತಾ ಚಪ್ಪಲಿ ಮೆಟ್ಟುತ್ತ ಹೊಸ್ತಿಲಿನಿಂದಲೇ ಹೇಳಿದಳು: "ಕೆಟ್ರ ನೀವು, ನಿಮ್ಮ ಮಗ ಕೂಡಿ ಒಗೀರಿ ಮಾವಾ. ನನ್ನ ನೌಕರಿ ಮಷೀನಿನ ಮ್ಯಾಲ ಇಲ್ಲ ಇನ್ನ."

ಬಸ್ಸಿನ ಹಾರ್ನು ಕೇಳಿತು. ಅವಳು ಓಡಿದಳು. ಮಾವ ವೈರು ಹಿಡಿದೇ ನಿಂತರು. ಮಷೀನು ಅಲುಗಿದಂತೆಲ್ಲ ಅಕ್ಷರಗಳು ಸೊಟ್ಟಗಾದವು. ಬೈಯುವವರು ಹಂಡೆಯ ಮೇಲೆ ಇರಲಿಲ್ಲ. ಬಣ್ಣ ಹರಿದು, ತಗಡು ಕಂಡು, ತಗಡಿನ ಒಳಗೂ ಇಳಿಯಲೆಂದು ಪೆನ್ನು ಒತ್ತಿ ಹಿಡಿದು ಕೊರೆದೆ.